ಗುಳಿಯ ಹತ್ತಿರದ ಆಟ: ಎರಡು ಪುಸ್ತಕ, ಒಂದು ಪಂದ್ಯ

ನಮ್ಮ ಸಂಘದ ಮಾಸಿಕದಲ್ಲಿ ಸಾಮಾನ್ಯವಾಗಿ ಕಥಾಸಂಕಲನದ್ದೋ ನಾಟಕದ್ದೋ ವಿಮರ್ಶೆ ಬರುತ್ತದೆ. ಅಂಥಲ್ಲಿ ಗಾಲ್ಫ್ ಆಟದ ಪುಸ್ತಕಗಳ ಮೇಲೆ ಬರೆಯಹೊರಟ ನನ್ನ ಧಾರ್ಷ್ಟ್ಯವನ್ನು ಓದುಗರು ಮನ್ನಿಸಬೇಕು. ನಾನು ಯಾವ ಕ್ಲಬ್ಬಿನ ಸದಸ್ಯನೂ ಅಲ್ಲ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಯರವಡಾದ ಪೂನಾ ಗಾಲ್ಫ್ ಕ್ಲಬ್ಬಿನ ಹಸಿರನ್ನು ನಾನು ಕಂಡದ್ದು ವಿಮಾನ ನಿಲ್ದಾಣದ ರಸ್ತೆಯಲ್ಲಿ, ಬಸ್ಸಿನ ಕಿಟಕಿಯಿಂದ. ಆದರೂ ಬರೆಯಬೇಕೆನ್ನಿಸಿದ್ದಕ್ಕೆ ಕಾರಣ ೨೦೨೧ರ ಆಗಸ್ಟ್ ೭ರ ಬೆಳಗಿನ ಜಾವ.

ಅಂದು ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಕೊನೆಯ ದಿನದ ಆಟ ಆಡುತ್ತಿದ್ದಳು. ಗಾಲ್ಫ್ ಎಂದರೆ ಏನೆಂದು ತಿಳಿಯದ ಎಷ್ಟೋ ಕನ್ನಡದ ಮನೆಗಳು ಅಂದು ದೂರದರ್ಶನದ ಮುಂದೆ ಎಚ್ಚೆತ್ತು ಕೂತಿದ್ದವು. ನಮ್ಮ ಮನೆಯಲ್ಲಂತೂ ಮೊದಲ ಅರ್ಧ ತಾಸು, 'ಕಡಿಮೆ ಹೊಡೆದವರು ಗೆಲ್ಲುತ್ತಾರೆ' ಎಂಬುದನ್ನು ನನ್ನ ತಾಯಿಗೆ ತಿಳಿಸಿ ಹೇಳುವುದರಲ್ಲೇ ಹೋಯಿತು. ಜಗತ್ತಿನ ಶ್ರೇಯಾಂಕದಲ್ಲಿ ೨೦೦ನೆಯವಳಾಗಿ ಹೋದ ಹುಡುಗಿ ನಾಲ್ಕು ದಿನಕ್ಕೆ ೨೬೯ ಹೊಡೆತ ತೆಗೆದುಕೊಂಡಳು. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೊರ್ಡಾ ೨೬೭. ಬೆಳ್ಳಿಗೆ ಮತ್ತೆ ಆಡಬೇಕಾಗಿ ಬಂದ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ತಲಾ ೨೬೮. ಒಂದೇ ಒಂದು ಹೊಡೆತದಿಂದ ನಾಲ್ಕನೆಯ ಸ್ಥಾನ.

ಮರುದಿನದಿಂದ ನಾನು ಓದಿದ ಲೇಖನಗಳಲ್ಲಿ ಒಂದೇ ಪದ ಕುಣಿಯುತ್ತಿತ್ತು: ಆತ್ಮವಿಶ್ವಾಸ. ಅದಿತಿಯ ಆತ್ಮವಿಶ್ವಾಸ, ಅಚಲ ಆತ್ಮವಿಶ್ವಾಸ, ನಗುಮೊಗದ ಆತ್ಮವಿಶ್ವಾಸ. ಆಕೆ ಚೆಂಡಿಗೆ ಏನು ಮಾಡಿದಳೆಂಬುದನ್ನು ಬರೆದವರು ವಿರಳ. ಆ ಮೈದಾನದಲ್ಲಿ ಆಡಿದ ಅರವತ್ತು ಮಂದಿಯಲ್ಲಿ, ಚೆಂಡನ್ನು ದೂರ ಹೊಡೆಯುವುದರಲ್ಲಿ ಆಕೆ ಬಹುತೇಕ ಕೊನೆಯ ಸಾಲಿನವಳು. ಆ ವರ್ಷ ಕೋವಿಡ್ ತಗುಲಿ ಮೈಯ ಶಕ್ತಿ ಕುಂದಿ ಹೊಡೆತದ ದೂರ ಇಳಿದಿತ್ತೆಂದು ಆಕೆಯೇ ಹೇಳಿಕೊಂಡಿದ್ದಳು. ಉಳಿದವರು ಸಣ್ಣ ಕೋಲಿನಿಂದ ಎತ್ತಿ ಹಾಕುವಲ್ಲಿ ಆಕೆ ಉದ್ದನೆಯ ಕೋಲು ಹಿಡಿಯಬೇಕಿತ್ತು. ಆ ನಷ್ಟವನ್ನೆಲ್ಲ ಆಕೆ ತುಂಬಿಕೊಂಡದ್ದು ಗುಳಿಯ ಹತ್ತಿರ ಬಂದ ಮೇಲೆ. ಇಂಗ್ಲಿಷಿನವರು ಇದನ್ನು 'ಶಾರ್ಟ್ ಗೇಮ್' ಎನ್ನುತ್ತಾರೆ. ನಾನು 'ಕಿರುಹೊಡೆತ' ಎನ್ನುತ್ತೇನೆ: ಗ್ರೀನಿನ ಅಂಚಿನಿಂದ ಚೆಂಡನ್ನು ತುಸು ಹಾರಿಸಿ ಉರುಳಿಸುವ ಚಿಪ್, ಎತ್ತರಕ್ಕೆ ಎತ್ತಿ ಮೆತ್ತಗೆ ಇಳಿಸುವ ಪಿಚ್, ಮರಳಿನ ಹೊಂಡದಿಂದ ಹೊರಗೆಳೆಯುವ ಹೊಡೆತ. ಗ್ರೀನಿನ ಮೇಲೆ ಉರುಳಿಸುವ ಪಟ್ ಅನ್ನೂ ಇದರೊಳಗೇ ಸೇರಿಸಿಕೊಳ್ಳುತ್ತೇನೆ.

ಈ ವಿದ್ಯೆ ಏನೆಂದು ತಿಳಿಯುವ ಹಟ ಹುಟ್ಟಿತು. ನಮ್ಮ ಕಟ್ಟಡದಲ್ಲಿ ನಿವೃತ್ತ ಕರ್ನಲ್ ಒಬ್ಬರಿದ್ದಾರೆ. ಪುಣೆಯ ಯಾವ ಕಟ್ಟಡದಲ್ಲಿಲ್ಲ ಹೇಳಿ! ಅವರಿಂದ ಎರಡು ಪುಸ್ತಕಗಳನ್ನು ಎರವಲು ತಂದೆ. ಒಂದು ೧೯೯೯ರಲ್ಲಿ ಬಂದ ಡೇವ್ ಪೆಲ್ಜ್ ಎಂಬಾತನ 'ಶಾರ್ಟ್ ಗೇಮ್ ಬೈಬಲ್'. ಇನ್ನೊಂದು ಬಾಬ್ ರೊಟೆಲ್ಲಾ ಎಂಬ ಮನಶ್ಶಾಸ್ತ್ರಜ್ಞ ೧೯೯೫ರಲ್ಲಿ ಪ್ರಕಟಿಸಿದ 'ಗಾಲ್ಫ್ ಈಸ್ ನಾಟ್ ಎ ಗೇಮ್ ಆಫ್ ಪರ್ಫೆಕ್ಟ್'. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಜಗಳ ಕೇಳಿದಂತಾಗುತ್ತದೆ.

ಪೆಲ್ಜ್ ಭೌತಶಾಸ್ತ್ರ ಓದಿ ಅಮೆರಿಕದ ನಾಸಾದಲ್ಲಿ ಕೆಲಸ ಮಾಡಿ ಬಂದವನು. ಬಿ.ಎಸ್‌ಸಿ. ಮಾಡಿ ಕಡತ ತಿರುವುತ್ತಿರುವ ನನ್ನಂಥವನಿಗೆ ಇಂಥವನ ಮೇಲೆ ತಾನಾಗಿಯೇ ಪ್ರೀತಿ ಹುಟ್ಟುತ್ತದೆ. ಆತ ಮಾಡಿದ್ದಿಷ್ಟೆ: ವೃತ್ತಿಪರ ಆಟಗಾರರ ಹಿಂದೆ ಅಳತೆಪಟ್ಟಿ ಹಿಡಿದು ನಡೆದ. ಯಾರ ಚೆಂಡು ಎಷ್ಟು ದೂರದಿಂದ ಹೊರಟು, ಗುರಿಗೆ ಎಷ್ಟು ದೂರ ತಪ್ಪಿ ಬಿತ್ತು ಎಂದು ಶೇಕಡಾವಾರು ಬರೆದುಕೊಂಡ. ಪೂರ್ಣ ಬೀಸಿನ ಹೊಡೆತಗಳಲ್ಲಿ ಒಳ್ಳೆಯ ಆಟಗಾರರ ತಪ್ಪು ಸುಮಾರು ಶೇ. ೭, ಯಾವ ಕೋಲು ಹಿಡಿದರೂ ಹೆಚ್ಚುಕಡಿಮೆ ಅಷ್ಟೇ. ಆದರೆ ವೆಜ್ ಹಿಡಿದು ಅರೆಬೀಸಿನ ಹೊಡೆತಕ್ಕೆ ಬಂದಾಗ ತಪ್ಪು ಬಹಳ ಏರುತ್ತದೆ. ಸೋಜಿಗವಲ್ಲವೇ? ದೂರ ಕಡಿಮೆಯಾದಷ್ಟೂ ಕೆಲಸ ಸುಲಭವಾಗಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣ, ಪೂರ್ಣ ಬೀಸಿಗೆ ಒಂದು ಮೇರೆಯಿದೆ, ಅರೆಬೀಸಿಗೆ ಇಲ್ಲ. 'ಸ್ವಲ್ಪ ಮೆಲ್ಲಗೆ' ಎಂಬುದು ಅಳತೆಯಲ್ಲ.

ಆತ ಸೂಚಿಸುವ ಪರಿಹಾರ ನಮ್ಮ ಪ್ರಯೋಗಶಾಲೆಯನ್ನು ನೆನಪಿಗೆ ತರುತ್ತದೆ. ಎಡಗೈಯನ್ನು ಗಡಿಯಾರದ ಮುಳ್ಳೆಂದು ತಿಳಿಯಿರಿ. ಹಿಂದಕ್ಕೆ ಎತ್ತುವಾಗ ಏಳೂವರೆ ಗಂಟೆಯವರೆಗೆ, ಒಂಬತ್ತರವರೆಗೆ, ಹತ್ತೂವರೆಯವರೆಗೆ, ಹೀಗೆ ಮೂರೇ ನಿಲುಗಡೆ. ನಾಲ್ಕು ವೆಜ್‌ಗಳಿದ್ದರೆ ಹನ್ನೆರಡು ನಿಶ್ಚಿತ ದೂರಗಳು. ಪ್ರತಿಯೊಂದನ್ನೂ ಅಳೆದು ಬರೆದಿಟ್ಟುಕೊಳ್ಳಿ. ಮೈದಾನದಲ್ಲಿ ನಿಂತಾಗ 'ಎಷ್ಟು ಜೋರು?' ಎಂಬ ಪ್ರಶ್ನೆಯೇ ಏಳುವುದಿಲ್ಲ. ಪಟ್‌ಗೂ ಅಂಥದೇ ಅಳತೆ: ಗುಳಿ ತಪ್ಪಿದರೆ ಚೆಂಡು ಸುಮಾರು ೧೭ ಅಂಗುಲ ಮುಂದೆ ಹೋಗಿ ನಿಲ್ಲುವ ವೇಗ ಎಲ್ಲಕ್ಕಿಂತ ಒಳ್ಳೆಯದು. ಗುಳಿಯ ಅಗಲ ಕೇವಲ ನಾಲ್ಕೂಕಾಲು ಅಂಗುಲ, ಚೆಂಡಿನ ಅಗಲ ೧.೬೮ ಅಂಗುಲ, ವೇಗ ತಪ್ಪಿದರೆ ಅದೇ ಗುಳಿ ಇನ್ನಷ್ಟು ಕಿರಿದಾದಂತೆ.

ರೊಟೆಲ್ಲಾನ ದಾರಿ ಬೇರೆ. ಕೋಲು ಬೀಸುವ ಬಗೆಯನ್ನು ಆತ ಕೈಬಿಡುವುದಿಲ್ಲ. ಅಭ್ಯಾಸದ ಹೆಚ್ಚಿನ ಪಾಲು ಕಿರುಹೊಡೆತಕ್ಕೆ ಸಲ್ಲಬೇಕೆಂದು ಅವನೂ ಹೇಳುತ್ತಾನೆ. ಆದರೆ ಚೆಂಡಿನ ಮುಂದೆ ನಿಂತ ಮೇಲೆ ಮೊಣಕೈ ಎಲ್ಲಿ, ಮಣಿಕಟ್ಟು ಹೇಗೆ ಎಂದು ಯೋಚಿಸುವವನ ಆಟ ಕೆಡುತ್ತದೆ. ಸಣ್ಣದೊಂದು ಗುರಿ ಆರಿಸು, ಚೆಂಡು ಅಲ್ಲಿಗೆ ಹೋಗುವುದನ್ನೇ ನೋಡು, ನಿನ್ನ ಕೈಯನ್ನು ನಂಬಿ ಹೊಡೆ. ಆತ್ಮವಿಶ್ವಾಸವೆಂದರೆ ಏನಾಗಬೇಕೋ ಅದನ್ನೇ ಯೋಚಿಸುವುದು, ಹಾಗೆ ಯೋಚಿಸುವುದೋ ಬಿಡುವುದೋ ನಿನ್ನ ಕೈಯಲ್ಲಿದೆ ಎಂಬುದು ಅವನ ಪ್ರತಿಪಾದನೆ.

ನನಗೆ ಮೊದಲ ಓದಿನಲ್ಲಿ ಇದು ಸಿಟ್ಟು ತರಿಸಿತು. ಸುಲಭಕ್ಕೆ ಸಿಗುವಂಥದಾದರೆ ಯಾರಿಗೆ ಬೇಡ? ತಾನು ಕಲಿಸಿದವರು ಗೆದ್ದ ಕಥೆಗಳನ್ನು ಆತ ರಸವತ್ತಾಗಿ ಹೇಳುತ್ತಾನೆ. ಅದೇ ಪಾಠ ಕೇಳಿಯೂ ಸೋತವರ ಲೆಕ್ಕ ಪುಸ್ತಕದಲ್ಲಿ ಸಿಗುವುದಿಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಇದು ಅರೆ ಪುರಾವೆ.

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಹೊರನಾಡಿನಲ್ಲಿರುವ ನಾವು ಮಕ್ಕಳ ಮೇಲೆ ಈ ಪದವನ್ನು ಬೇಕಾಬಿಟ್ಟಿ ಎಸೆಯುತ್ತೇವೆ. ಎಂಟನೆಯ ತರಗತಿಯ ನನ್ನ ಮಗಳು ಒಂದು ರಾಜ್ಯೋತ್ಸವದ ದಿನ ಕನ್ನಡದಲ್ಲಿ ನಾಲ್ಕು ಮಾತು ಆಡಲು ವೇದಿಕೆ ಹತ್ತಿದವಳು ಎರಡನೆಯ ವಾಕ್ಯದ ನಡುವೆ ನಿಂತುಬಿಟ್ಟಳು. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ. ಕನ್ನಡವೇನಿದ್ದರೂ ಅಜ್ಜಿಯ ಜೊತೆ ಊಟದ ಹೊತ್ತಿಗೆ. ಮನೆಗೆ ಬರುವ ದಾರಿಯಲ್ಲಿ ನಾನು, ನಿನಗ ಧೈರ್ಯ ಸಾಲದು, ಆತ್ಮವಿಶ್ವಾಸ ಬೇಕು ಎಂದು ಉಪದೇಶ ಮಾಡಿದೆ. ಸ್ವಲ್ಪ ದೂರ ಸುಮ್ಮನೆ ನಡೆದು ಆಕೆ ಹೇಳಿದಳು: "ಧೈರ್ಯ ಇತ್ತಪ್ಪಾ. ಮುಂದಿನ ಶಬ್ದನ ಇರ್ಲಿಲ್ಲ."

ಪೆಲ್ಜ್‌ನ ಗಡಿಯಾರದ ಅಧ್ಯಾಯ ಓದುವಾಗ ನನಗೆ ಈ ಮಾತೇ ಕೇಳುತ್ತಿತ್ತು. ಕಿರುಹೊಡೆತದಲ್ಲಿ ಅಂಜಿಕೆ ಕಾಣಿಸಿಕೊಳ್ಳುವುದು ಒಂದೇ ರೂಪದಲ್ಲಿ: ಕೋಲು ಚೆಂಡಿಗೆ ತಾಗುವ ಮುನ್ನ ಕೈ ನಿಧಾನವಾಗುತ್ತದೆ. ಹಿಂದಕ್ಕೆ ಬೇಕಾದುದಕ್ಕಿಂತ ದೂರ ಎತ್ತಿ, 'ಅಯ್ಯೋ, ಹೆಚ್ಚಾಯಿತೇನೋ' ಎಂದು ಕೆಳಗೆ ತರುವಾಗ ತಡೆಯುತ್ತೇವೆ. ತಡೆದ ಕೂಡಲೇ ಮಣಿಕಟ್ಟು ಮಗುಚುತ್ತದೆ. ಕೋಲಿನ ಮುಂಚೂಪು ನೆಲಕ್ಕೆ ನೆಟ್ಟು ಚೆಂಡು ಮೂರಡಿಯಲ್ಲೇ ಉಳಿಯುತ್ತದೆ, ಇಲ್ಲವೇ ಅಂಚು ಚೆಂಡಿನ ಹೊಟ್ಟೆಗೆ ತಾಗಿ ಗ್ರೀನಿನ ಆಚೆ ಹಾರುತ್ತದೆ. ಕೋಲಿಗೂ ಚೆಂಡಿಗೂ ಸಂಪರ್ಕವಿರುವುದು ಸೆಕೆಂಡಿನ ಎರಡು ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ತಿದ್ದುಪಡಿ ಎಲ್ಲಿ ಬಂತು? ಹಿಂದಕ್ಕೆ ಗೇಣು ಎತ್ತಿದರೆ ಮುಂದಕ್ಕೂ ಗೇಣು. ಚೆಂಡು ಹಿಂಗಾಲಿನ ಕಡೆ ತುಸು ಸರಿದಿರಲಿ, ಭಾರ ಮುಂಗಾಲಿನ ಮೇಲಿರಲಿ, ಕೈ ಚೆಂಡಿಗಿಂತ ಒಂದಿಷ್ಟು ಮುಂದಿರಲಿ. ಚಿಪ್ ಎಂದರೆ ಇಷ್ಟೆ. ಎಷ್ಟು ದೂರಕ್ಕೆ ಎಷ್ಟು ಬೀಸು ಎಂದು ತಿಳಿದ ಕೈ ನಡುವೆ ತಡೆಯುವುದಿಲ್ಲ. ಹೊರಗೆ ನಿಂತವರಿಗೆ ಅದು ಆತ್ಮವಿಶ್ವಾಸವೆಂದು ಕಾಣುತ್ತದೆ.

ಮರಳಿನ ಹೊಂಡದ ಹೊಡೆತದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಚೆಂಡಿಗೆ ಹೊಡೆಯುವುದೇ ಇಲ್ಲ; ಅದರ ಹಿಂದಿನ ಮರಳಿಗೆ ಹೊಡೆದು, ಹಾರುವ ಮರಳಿನೊಡನೆ ಚೆಂಡು ಹೊರಬರುವಂತೆ ಮಾಡುವುದು. ಸಾಧಾರಣ ಕಬ್ಬಿಣದ ಕೋಲು ಮರಳಿನಲ್ಲಿ ಕೊಡಲಿಯಂತೆ ಇಳಿದುಬಿಡುತ್ತದೆ. ೧೯೩೨ರಲ್ಲಿ ಜೀನ್ ಸರಾಜೆನ್ ಎಂಬ ಆಟಗಾರ ಕೋಲಿನ ಅಡಿಗೆ ದಪ್ಪನೆಯ ಅಂಚು ಕೂಡಿಸಿ, ಅದು ಮರಳಿನಲ್ಲಿ ಹೂಳದೆ ಜಾರುವಂತೆ ಮಾಡಿಕೊಂಡು ಆ ವರ್ಷದ ಬ್ರಿಟಿಷ್ ಓಪನ್ ಗೆದ್ದ. ಅದುವರೆಗೆ ಹೊಂಡಕ್ಕೆ ಬಿದ್ದರೆ ನಡುಗುತ್ತಿದ್ದವರಿಗೆ ಧೈರ್ಯ ಕೊಟ್ಟದ್ದು ಕಮ್ಮಾರಿಕೆ. ಈ ಸಂಗತಿಗೆ ರೊಟೆಲ್ಲಾನ ಶಾಸ್ತ್ರದಲ್ಲಿ ಜಾಗವಿಲ್ಲ.

ಇಷ್ಟು ಹೇಳಿದ ಮೇಲೆ ಪೆಲ್ಜ್‌ನ ಪಕ್ಷ ಗೆದ್ದಿತೆಂದು ಬರೆದು ಮುಗಿಸಬಹುದಿತ್ತು. ಆದರೆ ನನ್ನದೇ ಪ್ರಯೋಗ ಅಡ್ಡ ಬಂದಿದೆ. ಭಾನುವಾರದ ಜುನಾ ಬಜಾರಿನಲ್ಲಿ ತುಕ್ಕು ಹಿಡಿದ ವೆಜ್ ಒಂದು ಸಿಕ್ಕಿತು. ತಲೆಯ ಮೇಲೆ ೫೬ ಎಂದು ಕೊರೆದಿತ್ತು. ಮಾರುವವನು ಅದನ್ನು ಹಾಕಿ ಕೋಲೆಂದು ತಿಳಿದಿದ್ದ, ನಾನೂ ತಿದ್ದಲಿಲ್ಲ. ನಾಲ್ಕು ಹಳೆಯ ಚೆಂಡುಗಳನ್ನು ಕರ್ನಲ್ಲರು ಕೊಟ್ಟರು. ನಮ್ಮ ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಮೂವತ್ತು ಹೊಡೆತ. ಕಚೇರಿಯ ಚಾಳಿ ಬಿಡುತ್ತದೆಯೇ? ರಿಜಿಸ್ಟರು ಇಟ್ಟೆ: ಕೋಲು ಮೊಣಕಾಲೆತ್ತರ, ಬಿದ್ದದ್ದು ಒಂಬತ್ತು ಹೆಜ್ಜೆ, ಸೊಂಟದೆತ್ತರ, ಹತ್ತೊಂಬತ್ತು ಹೆಜ್ಜೆ. ಮೂರು ತಿಂಗಳಲ್ಲಿ ಮೂವತ್ತರಲ್ಲಿ ಇಪ್ಪತ್ತೆರಡು ಚೆಂಡುಗಳು ನಾನು ಹಾಸಿದ ಚಾದರದ ಮೇಲೆ ಬೀಳತೊಡಗಿದವು. ಆಗೊಂದು ದಿನ ಕರ್ನಲ್ಲರು ತಮ್ಮ ಇಬ್ಬರು ಮಿತ್ರರೊಡನೆ ನೋಡಲು ಬಂದರು. ಮೊದಲ ಚೆಂಡು ಕಾಲ ಬುಡದಲ್ಲೇ ಉಳಿಯಿತು. ಎರಡನೆಯದು ನೀರಿನ ಟಾಕಿಗೆ ಬಡಿಯಿತು. ರಿಜಿಸ್ಟರಿನಲ್ಲಿ ಇದ್ದದ್ದು ಕೈಯಲ್ಲಿರಲಿಲ್ಲ. ಆ ರಾತ್ರಿ ರೊಟೆಲ್ಲಾನನ್ನು ಮತ್ತೆ ತೆರೆದೆ.

ಎರಡನೆಯ ಓದಿನಲ್ಲಿ ಆತ ಅಷ್ಟು ಹಗುರವಾಗಿ ಕಾಣಲಿಲ್ಲ. ಬಲ್ಲ ಕೆಲಸವನ್ನು ಕೈಗೆ ಬಿಟ್ಟುಕೊಡುವುದು ಬೇರೆಯದೇ ಒಂದು ಅಭ್ಯಾಸ, ಅದಕ್ಕೂ ಒಂದು ಕ್ರಮ ಬೇಕು: ಹಿಂದೆ ನಿಂತು ನೋಡುವುದು, ಒಂದು ಗುರಿ, ಒಂದೋ ಎರಡೋ ತಾಲೀಮು ಬೀಸು, ಮತ್ತೆ ತಡಮಾಡದೆ ಹೊಡೆಯುವುದು. ಈ ಕ್ರಮವನ್ನು ನೂರು ಸಲ ಒಂದೇ ರೀತಿ ಮಾಡಿದವನಿಗೆ, ನೋಡುವವರು ಇದ್ದರೂ ಇಲ್ಲದಿದ್ದರೂ ಅದು ಅದೇ ಹೊಡೆತ. ಆತ ಹೇಳುವುದನ್ನು 'ನಂಬಿಕೆ ಇಟ್ಟುಕೋ' ಎಂಬ ಬೋಧನೆಯಾಗಿ ಓದಿದರೆ ಪೊಳ್ಳು. ತಾಲೀಮಿನ ಒಂದು ಭಾಗವಾಗಿ ಓದಿದರೆ ಗಟ್ಟಿ. ತನ್ನ ಪುಸ್ತಕವನ್ನು ಮೊದಲ ರೀತಿ ಓದಲು ದಾರಿ ಮಾಡಿಕೊಟ್ಟದ್ದು ಮಾತ್ರ ಅವನದೇ ತಪ್ಪು.

ಇದೇ ಸಂಗತಿಯನ್ನು ನನಗೆ ಮೂರು ಮಾತಿನಲ್ಲಿ ಹೇಳಿದವನು ಒಬ್ಬ ಕ್ಯಾಡಿ. ಯರವಡಾದ ಚಹಾ ಅಂಗಡಿಯಲ್ಲಿ ಸಿಕ್ಕ. ಕಲಬುರಗಿ ಕಡೆಯವನು, ಇಪ್ಪತ್ತು ವರ್ಷದಿಂದ ಚೀಲ ಹೊರುತ್ತಿದ್ದಾನೆ. ಹತ್ತಿರದ ಹೊಡೆತ ಯಾಕ ಕೆಡತದ ಎಂದು ಕೇಳಿದೆ. "ವಿಚಾರ ಮಾಡೂದೆಲ್ಲ ಚೀಲದಾಗಿಂದ ಕೋಲು ತಗಿಯೂ ಮುಂದ ಮಾಡಬೇಕ್ರಿ. ಚೆಂಡಿನ ಮುಂದ ನಿಂತು ಮಾಡಬಾರದು." ಮತ್ತ ಅಂಜಿಕಿ ಬಂದ್ರ? "ಅಂಜಿಕಿ ಬಂದ್ರ ಎತ್ತಿ ಹೊಡಿಯೂದು ಬಿಡ್ರಿ, ಉಳ್ಳಿಸಿಬಿಡ್ರಿ." ಅಂಜಿಕೆಯನ್ನು ಗೆಲ್ಲು ಎಂದು ಅವನು ಹೇಳಲಿಲ್ಲ, ಅಂಜಿಕೆಗೆ ತಕ್ಕ ಹೊಡೆತ ಆರಿಸಿಕೋ ಎಂದ. ಎರಡೂ ಪುಸ್ತಕಗಳಲ್ಲಿ ನನಗೆ ಇಷ್ಟು ನೇರವಾದ ಮಾತು ಸಿಗಲಿಲ್ಲ.

ಪೆಲ್ಜ್‌ನ ಮೇಲೂ ಒಂದು ಆಕ್ಷೇಪವಿದೆ. ಅರ್ಧಕ್ಕಿಂತ ಹೆಚ್ಚು ಹೊಡೆತಗಳು ಗುಳಿಯಿಂದ ನೂರು ಗಜದೊಳಗೇ ಬರುವುದರಿಂದ ಪಂದ್ಯ ತೀರ್ಮಾನವಾಗುವುದೂ ಅಲ್ಲೇ ಎಂಬುದು ಆತನ ವಾದ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ೨೦೧೪ರ ತನ್ನ 'ಎವ್ರಿ ಶಾಟ್ ಕೌಂಟ್ಸ್' ಪುಸ್ತಕದಲ್ಲಿ ಇದನ್ನು ಒಡೆದುಹಾಕಿದ್ದಾನೆ. ಅರ್ಧ ಅಡಿಯಿಂದ ತಳ್ಳುವ ಪಟ್ ಕೂಡ ಲೆಕ್ಕದಲ್ಲಿ ಒಂದು ಹೊಡೆತವೇ. ಅದರಲ್ಲಿ ಯಾರೂ ಯಾರನ್ನೂ ಮೀರಿಸುವುದಿಲ್ಲ. ಅಮೆರಿಕದ ಗಂಡಸರ ಟೂರಿನಲ್ಲಿ ಶ್ರೇಷ್ಠರಿಗೂ ಸಾಧಾರಣರಿಗೂ ಇರುವ ಅಂತರದ ಸುಮಾರು ಮೂರರಲ್ಲಿ ಎರಡು ಪಾಲು ಹುಟ್ಟುವುದು ನೂರು ಗಜದ ಆಚೆಯ ಹೊಡೆತಗಳಲ್ಲಿ. ಎಣಿಕೆಗೂ ಬೆಲೆಗೂ ವ್ಯತ್ಯಾಸವಿದೆ ಎಂಬುದನ್ನು ನಾಸಾದವನು ಮರೆತದ್ದು ವಿಚಿತ್ರ. ಹಾಗೆಂದು ಅದಿತಿಯಂಥವಳಿಗೆ ಈ ಸರಾಸರಿ ಏನು ಹೇಳುತ್ತದೆ? ದೂರದ ಹೊಡೆತ ಆಕೆಯ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಮೂರನೆಯ ಒಂದು ಪಾಲು, ಅದನ್ನು ಹಿಡಿದು ಆಕೆ ಪದಕದ ಬಾಗಿಲಿಗೆ ಹೋದಳು.

ಬ್ರಾಡಿಯ ಇನ್ನೊಂದು ಕೋಷ್ಟಕ ನಮ್ಮ ಪತ್ರಿಕಾ ಬರಹಗಾರರ ಮೇಜಿನ ಮೇಲಿರಬೇಕು. ಅದೇ ಟೂರಿನ ಆಟಗಾರರು ಮೂರು ಅಡಿಯಿಂದ ನೂರಕ್ಕೆ ೯೬ ಪಟ್ ಗುಳಿಗೆ ಹಾಕುತ್ತಾರೆ. ನಾಲ್ಕು ಅಡಿಯಿಂದ ೮೮. ಎಂಟು ಅಡಿಯಿಂದ ೫೦. ಇಪ್ಪತ್ತು ಅಡಿಯಿಂದ ಬರೀ ೧೫. ನಮ್ಮ ಪುಣೆಯಲ್ಲೇ ೧೯೮೭ರಲ್ಲಿ ಹುಟ್ಟಿದ ಅನಿರ್ಬನ್ ಲಾಹಿರಿ ೨೦೧೫ರಲ್ಲಿ ಕೊರಿಯಾದ ಇಂಚನ್‌ನಲ್ಲಿ ನಡೆದ ಪ್ರೆಸಿಡೆಂಟ್ಸ್ ಕಪ್ಪಿನ ಕೊನೆಯ ದಿನ, ಕ್ರಿಸ್ ಕರ್ಕ್ ಎದುರು ಹದಿನೆಂಟನೆಯ ಗುಳಿಯಲ್ಲಿ ಸುಮಾರು ನಾಲ್ಕು ಅಡಿಯ ಪಟ್ ತಪ್ಪಿಸಿದ. ಅದಕ್ಕೆ ಮೊದಲು ಎದುರಾಳಿ ಹದಿನೈದು ಅಡಿಯ ಪಟ್ ಹಾಕಿದ್ದ. ಲಾಹಿರಿಯ ತಂಡ ೧೪.೫ಕ್ಕೆ ೧೫.೫ರಿಂದ ಸೋತಿತು. ಎದೆಗಾರಿಕೆ ಕೈಕೊಟ್ಟಿತು ಎಂದು ಬರೆಯುವುದು ಸುಲಭ. ನಾಲ್ಕು ಅಡಿಯಿಂದ ಜಗತ್ತಿನ ಶ್ರೇಷ್ಠರೇ ಎಂಟರಲ್ಲಿ ಒಂದನ್ನು ತಪ್ಪಿಸುತ್ತಾರೆ. ಆ ಎಂಟನೆಯದು ಯಾವ ದಿನ ಬರಬೇಕೆಂದು ಯಾರಿಗೂ ಆರಿಸಿಕೊಳ್ಳಲು ಬರುವುದಿಲ್ಲ. ಎದೆ ಅಳುಕಲಿಲ್ಲ ಎಂದು ನಾನು ಹೇಳುತ್ತಿಲ್ಲ. ಒಂದು ಪಟ್‌ನಿಂದ ಅದನ್ನು ಸಾಧಿಸಲಾಗದು, ಅಷ್ಟೆ.

ಅದಿತಿಯ ಕಥೆ ಅಲ್ಲಿಗೇ ನಿಂತಿದ್ದರೆ ನನ್ನ ವಾದ ಇನ್ನೂ ಅಚ್ಚುಕಟ್ಟಾಗಿರುತ್ತಿತ್ತು. ೨೦೨೩ರಲ್ಲಿ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡೆಗಳಲ್ಲಿ ಮೂರನೆಯ ದಿನ ೬೧ ಹೊಡೆತದ ಅದ್ಭುತ ಆಟವಾಡಿ ಏಳು ಹೊಡೆತಗಳ ಮುನ್ನಡೆ ಪಡೆದವಳು, ಕೊನೆಯ ದಿನ ೭೭ಕ್ಕೆ ಏರಿ ಥಾಯ್ಲೆಂಡಿನ ಆಟಗಾರ್ತಿಗೆ ಎರಡು ಹೊಡೆತದಿಂದ ಚಿನ್ನ ಬಿಟ್ಟುಕೊಟ್ಟಳು. ಒಂದು ರಾತ್ರಿಯಲ್ಲಿ ವಿದ್ಯೆ ಮರೆತುಹೋಗುವುದಿಲ್ಲ. ಏಳು ಹೊಡೆತಗಳ ಮುನ್ನಡೆ ಇಟ್ಟುಕೊಂಡು ಮಲಗುವುದು ಟೋಕಿಯೊದಲ್ಲಿ ಹಿಂದೆಬಿದ್ದು ಬೆನ್ನಟ್ಟುವುದಕ್ಕಿಂತ ಬೇರೆಯ ಕಷ್ಟವಿರಬೇಕು. ಇಲ್ಲಿ ಪೆಲ್ಜ್‌ನ ಗಡಿಯಾರ ನನಗೆ ಏನೂ ಹೇಳುವುದಿಲ್ಲ. ರೊಟೆಲ್ಲಾ ಏನಾದರೂ ಹೇಳಿಯಾನು. ಆದರೆ ಅವನು ಹೇಳುವುದು ಗೆದ್ದಾಗಲೂ ಸೋತಾಗಲೂ ಸಮನಾಗಿ ಹೊಂದುತ್ತದೆ, ಅದೇ ನನ್ನ ಅನುಮಾನ. ಆದರೂ ಆ ಬೆಳ್ಳಿ, ಏಷ್ಯನ್ ಕ್ರೀಡೆಗಳ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬಳು ಗೆದ್ದ ಮೊದಲ ಪದಕ ಎಂಬುದನ್ನು ಮರೆಯಬಾರದು.

ಟೋಕಿಯೊದ ಕೊನೆಯ ಗುಳಿಗೆ ಮರಳುತ್ತೇನೆ. ಪದಕಕ್ಕಾಗಿ ಮತ್ತೆ ಆಡುವ ಅವಕಾಶ ಬೇಕಿದ್ದರೆ ಅದಿತಿ ಆ ಒಂದು ದೂರದ ಪಟ್ ಹಾಕಲೇಬೇಕಿತ್ತು. ಆಕೆಯ ಚೀಲ ಹೊತ್ತು ಪಕ್ಕದಲ್ಲಿದ್ದವರು ತಾಯಿ ಮಾಹೇಶ್ವರಿ. ೨೦೧೬ರ ರಿಯೋದಲ್ಲಿ ತಂದೆ ಹೊತ್ತಿದ್ದರು. ಆಕೆ ಹಿಂದೆ ನಿಂತು ನೋಡಿದಳು, ಬಂದು ನಿಂತಳು, ಹೊಡೆದಳು. ಹಿಂದಿನ ಎಪ್ಪತ್ತೊಂದು ಗುಳಿಗಳಲ್ಲಿ ಹೇಗೋ ಹಾಗೆಯೇ, ಅಷ್ಟೇ ಹೊತ್ತು. ಚೆಂಡು ಗುಳಿಯ ಪಕ್ಕದಿಂದ ಸರಿದುಹೋಯಿತು. ಆ ಹೊಡೆತವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅದರಲ್ಲಿ ಕೈ ಎಲ್ಲಿಯೂ ತಡೆದಿಲ್ಲ.

ಪೆಲ್ಜ್‌ನ ಪುಸ್ತಕವನ್ನು ಕರ್ನಲ್ಲರಿಗೆ ಹಿಂದಿರುಗಿಸಿದ್ದೇನೆ. ರೊಟೆಲ್ಲಾ ಇನ್ನೂ ನಮ್ಮಲ್ಲೇ ಇದ್ದಾನೆ; ಮಗಳು ಓದುತ್ತಿದ್ದಾಳೆ, ಇಪ್ಪತ್ತು ಪುಟ ಬಾಕಿಯಂತೆ. ಈ ಸಲದ ರಾಜ್ಯೋತ್ಸವದ ನಾಲ್ಕು ಮಾತನ್ನು ಜೂನಿನಿಂದಲೇ ಅಜ್ಜಿಯ ಮುಂದೆ ದಿನವೂ ಹೇಳಿ ಒಪ್ಪಿಸುತ್ತಿದ್ದಾಳೆ. ಅಜ್ಜಿ ವಿಭಕ್ತಿ ಪ್ರತ್ಯಯ ತಿದ್ದುತ್ತಾಳೆ. ನಾನು ಬಾಯಿ ಹಾಕುವುದಿಲ್ಲ.